ಬಿಸಿಲಿಗೊಂದು, ಮಳೆಗೊಂದು, ಕಾಡಿಗೊಂದು



ನಮ್ಮ ಊರು ನಲ್ಲೂರು. ಚನ್ನಗಿರಿ ತಾಲೂಕು. ಊರ ಸುತ್ತ ಅಡಿಕೆ ತೋಟ. ಹೊಲದಲ್ಲಿ ಮೆಕ್ಕೆಜೋಳ. ನೀರು ಬರುವ ಕಡೆ ಭತ್ತದ ಗದ್ದೆ. ಬೆಳಗಾದರೆ ನಮಗೆ ಹೊರಗಿನ ಕೆಲಸ ಇದ್ದೇ ಇರುತ್ತದೆ. ಕಳೆ ತೆಗೆಯಬೇಕು, ನಾಟಿ ಮಾಡಬೇಕು, ಹುಲ್ಲು ತರಬೇಕು, ಸೌದೆ ತರಬೇಕು.

ಒಂದು ಮಾತು ಕೇಳುತ್ತೇವೆ. ಮದುವೆಗೆ ಹೋಗುವಾಗ ಯಾವ ಸೀರೆ ಉಡಬೇಕು ಅಂತ ನಾವು ಎಷ್ಟು ಹೊತ್ತು ಯೋಚನೆ ಮಾಡುತ್ತೇವೆ? ಪೆಟ್ಟಿಗೆ ತೆಗೆದು ನಾಲ್ಕು ಸೀರೆ ನೋಡುತ್ತೇವೆ. ಅಕ್ಕಪಕ್ಕದವರನ್ನೂ ಕೇಳುತ್ತೇವೆ. ಹೊಲಕ್ಕೆ ಹೋಗುವಾಗ? ಹಳೆಯದು, ಹರಿದದ್ದು, ಕೈಗೆ ಸಿಕ್ಕಿದ್ದು. "ಹೊಲದಾಗೆ ಯಾರು ನೋಡ್ತಾರೆ ಬಿಡು" ಅಂತೇವೆ.

ಹೊಲದಲ್ಲಿ ಜನ ನೋಡುವುದಿಲ್ಲ, ನಿಜ. ಆದರೆ ಬಿಸಿಲು ನೋಡುತ್ತದೆ. ಮಳೆ ನೋಡುತ್ತದೆ. ಮುಳ್ಳು, ಉಣುಗು, ಹಾವು ಎಲ್ಲಾ ನೋಡುತ್ತವೆ. ಮದುವೆ ಸೀರೆ ಮಾನ ಹೆಚ್ಚಿಸುತ್ತದೆ. ಕೆಲಸದ ಬಟ್ಟೆ ಪ್ರಾಣ ಕಾಯುತ್ತದೆ. ಹಾಗಾದರೆ ಯಾವುದಕ್ಕೆ ಹೆಚ್ಚು ಯೋಚನೆ ಮಾಡಬೇಕು? ಬನ್ನಿ, ಇವತ್ತು ಇದನ್ನೇ ತಿಳಿಯೋಣ.

ಬೇಟೆಗಾರನ ಕಂಬಳಿ

ನಮ್ಮ ಅಜ್ಜಂದಿರ ಕಾಲದಲ್ಲಿ ಗಂಡಸರು ಬೇಟೆಗೆ ಹೋಗುತ್ತಿದ್ದರು. ಹೋಗುವಾಗ ತಲೆಗೆ ರುಮಾಲು ಸುತ್ತುತ್ತಿದ್ದರು. ಕಾಲಿಗೆ ದಪ್ಪ ಎಕ್ಕಡ ಮೆಟ್ಟುತ್ತಿದ್ದರು. ಹೆಗಲ ಮೇಲೆ ಕಂಬಳಿ ಇರುತ್ತಿತ್ತು. ಬಿಸಿಲಿಗೆ ರುಮಾಲು, ಮುಳ್ಳಿಗೆ ಎಕ್ಕಡ, ಚಳಿಗೂ ಮಳೆಗೂ ಕಂಬಳಿ. ರಾತ್ರಿ ಕಾಡಿನಲ್ಲಿ ಉಳಿದರೆ ಅದೇ ಹಾಸಿಗೆ, ಅದೇ ಹೊದಿಕೆ.

ಈಗ ಬೇಟೆ ಆಡುವ ಹಾಗಿಲ್ಲ. 1972ರಲ್ಲಿ ವನ್ಯಜೀವಿ ರಕ್ಷಣೆಯ ಕಾನೂನು ಬಂತು. ಕಾಡುಪ್ರಾಣಿ ಕೊಲ್ಲುವುದು ಅಪರಾಧ. ನಮ್ಮ ಜಿಲ್ಲೆಯ ಜಗಳೂರು ತಾಲೂಕಿನಲ್ಲಿ ರಂಗಯ್ಯನದುರ್ಗ ಎಂಬ ಕಾಡು ಇದೆ. ಅಲ್ಲಿ ಕೊಂಡುಕುರಿ ಎಂಬ ಪ್ರಾಣಿ ಇದೆ. ಅದಕ್ಕೆ ನಾಲ್ಕು ಕೊಂಬು. ಆ ಕಾಡನ್ನು 2011ರಲ್ಲಿ ಸರ್ಕಾರ ವನ್ಯಜೀವಿ ಧಾಮ ಎಂದು ಸಾರಿತು. ಕೊಂಡುಕುರಿ ಕೊಂದವರಿಗೆ 3 ವರ್ಷದಿಂದ 7 ವರ್ಷದವರೆಗೆ ಜೈಲು ಆಗಬಹುದು.

ಬೇಟೆ ಹೋಯಿತು. ಒಳ್ಳೆಯದೇ ಆಯಿತು. ಆದರೆ ಬೇಟೆಗಾರನಿಗೆ ಗೊತ್ತಿದ್ದ ಬಟ್ಟೆಯ ಬುದ್ಧಿ ಹೋಗಬಾರದು. ಅವನು ವರ್ಷಕ್ಕೆ ನಾಲ್ಕು ಸಲ ಕಾಡಿಗೆ ಹೋದರೆ, ನಾವು ದಿನಾ ಬಯಲಿನಲ್ಲಿ ಇರುತ್ತೇವೆ. ಆ ಬುದ್ಧಿ ನಮಗೇ ಹೆಚ್ಚು ಬೇಕು.

ಪದರ ಅಂದರೆ ಏನು?

ಕೌದಿ ಎಲ್ಲರಿಗೂ ಗೊತ್ತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುತ್ತೇವೆ. ಒಂದೊಂದು ಸೀರೆಯೂ ತೆಳ್ಳಗೆ. ಒಂದನ್ನೇ ಹೊದ್ದರೆ ಚಳಿ ನಿಲ್ಲುವುದಿಲ್ಲ. ನಾಲ್ಕು ಸೇರಿದರೆ ಮಾಗಿ ಚಳಿಯೂ ಓಡುತ್ತದೆ. ಯಾಕೆ?

ಪದರ ಪದರದ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗಾಳಿ ಅಲುಗಾಡುವುದಿಲ್ಲ. ನಿಂತ ಗಾಳಿ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ನಮ್ಮ ಮೈಯ ಬಿಸಿ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಇಡುತ್ತೇವಲ್ಲ, ಹಾಗೆ.

ಅದಕ್ಕೇ ಒಂದೇ ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಮೇಲು. ಇನ್ನೊಂದು ಅನುಕೂಲ ಉಂಟು. ಸೆಕೆ ಆದರೆ ಒಂದನ್ನು ತೆಗೆಯಬಹುದು. ಚಳಿ ಆದರೆ ಮತ್ತೆ ಹಾಕಬಹುದು.

ಒಳಗಿನ ಪದರ ಬೆವರು ಹೀರಬೇಕು. ನಡುವಿನ ಪದರ ಬಿಸಿ ಹಿಡಿಯಬೇಕು. ಹೊರಗಿನ ಪದರ ಗಾಳಿ, ಮಳೆ, ಮುಳ್ಳು ತಡೆಯಬೇಕು. ಈ ಮೂರು ಮಾತು ನೆನಪಿಟ್ಟರೆ ಅರ್ಧ ಕಲಿತಂತೆ.

ನೂಲನ್ನು ಗುರುತಿಸೋಣ

ಎಲ್ಲಾ ಬಟ್ಟೆಯ ಗುಣ ಒಂದೇ ಅಲ್ಲ.

ಹತ್ತಿ ಬಟ್ಟೆ ಬೆವರು ಹೀರುತ್ತದೆ. ಗಾಳಿ ಆಡಿಸುತ್ತದೆ. ಬೇಸಿಗೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನೆನೆದರೆ ಬೇಗ ಒಣಗುವುದಿಲ್ಲ. ನೆನೆದ ಹತ್ತಿ ಮೈಗೆ ಅಂಟಿ ಚಳಿ ಹತ್ತಿಸುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ.

ಉಣ್ಣೆ ಬೇರೆ ಥರ. ಕುರಿಯ ತುಪ್ಪಟದಲ್ಲಿ ಎಣ್ಣೆಯಂಥ ಜಿಡ್ಡು ಇರುತ್ತದೆ. ಅದರಿಂದ ಸಣ್ಣ ಮಳೆ ಕಂಬಳಿಯ ಮೇಲೆ ಜಾರಿ ಹೋಗುತ್ತದೆ. ಸ್ವಲ್ಪ ನೆನೆದರೂ ಉಣ್ಣೆ ಬೆಚ್ಚಗೇ ಇರುತ್ತದೆ. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆ ಕಂಬಳಿ ನೇಯುತ್ತಾರೆ. ನೂಲು ಗಟ್ಟಿಯಾಗಲಿ ಅಂತ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಆ ಉಣ್ಣೆಯನ್ನು ನೂಲುವವರು ಹೆಚ್ಚಾಗಿ ಹೆಂಗಸರೇ.

ಪಾಲಿಯೆಸ್ಟರ್, ನೈಲಾನ್ ಸೀರೆ ಅಗ್ಗ. ಒಗೆದರೆ ಬೇಗ ಒಣಗುತ್ತದೆ. ಆದರೆ ಬೆವರು ಹೀರುವುದಿಲ್ಲ. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಲೆಯ ಮುಂದೆ ಇದು ಬಹಳ ಅಪಾಯ. ಅಡಿಗೆ ಮಾಡುವಾಗ ಹತ್ತಿ ಸೀರೆ ಉಡಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಬೇಕು. ಹತ್ತಿಯೂ ಉರಿಯುತ್ತದೆ. ಸೆರಗು ಜೋಲು ಬಿದ್ದರೆ ಯಾವ ಸೀರೆಯಾದರೂ ಅಪಾಯವೇ.

ಅಂಗಡಿಯವನು "ಪ್ಯೂರ್ ಕಾಟನ್ ಅಕ್ಕಾ" ಅಂತಾನೆ. ನಂಬುವುದು ಹೇಗೆ? ಬಟ್ಟೆಯ ಅಂಚಿನಿಂದ ಒಂದು ಎಳೆ ತೆಗೆಯಿರಿ. ಬಯಲಿನಲ್ಲಿ, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ಸುಡಿ. ಕಾಗದದ ಹಾಗೆ ಉರಿದು ಮೆತ್ತಗಿನ ಬೂದಿ ಆದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ ಗಟ್ಟಿ ಮಣಿ ಆದರೆ ಪಾಲಿಯೆಸ್ಟರ್. ಈಗ ನಮಗೆ ಓದಲೂ ಬರುತ್ತದೆ. ಬಟ್ಟೆಗೆ ಚೀಟಿ ಇದ್ದರೆ ಓದಿಯೇ ಕೊಳ್ಳೋಣ.

ಬಿಸಿಲಿಗೆ

ಜಗಳೂರು ಬರದ ಸೀಮೆ. ಮಳೆ ಕಡಿಮೆ, ನೆರಳು ಕಡಿಮೆ. ನಮ್ಮ ಕಡೆ ತೋಟದ ತಂಪು ಇದೆ. ಆದರೂ ಏಪ್ರಿಲ್, ಮೇ ತಿಂಗಳ ಬಿಸಿಲು ಯಾರನ್ನೂ ಬಿಡುವುದಿಲ್ಲ.

ನಮ್ಮ ಮೈಯ ಶಾಖ ಸುಮಾರು 37 ಡಿಗ್ರಿ ಇರಬೇಕು. ಹೆಚ್ಚಾದರೆ ಬೆವರು ಬರುತ್ತದೆ. ಬೆವರು ಆರುವಾಗ ಮೈ ತಂಪಾಗುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಬೆವರು ಆರಬೇಕಾದರೆ ಬಟ್ಟೆಯೊಳಗೆ ಗಾಳಿ ಆಡಬೇಕು. ಅದಕ್ಕೆ ಸಡಿಲವಾದ, ತೆಳುವಾದ, ತಿಳಿ ಬಣ್ಣದ ಹತ್ತಿ ಬಟ್ಟೆ ಬೇಕು. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

"ಸೆಕೆಗೆ ಮತ್ತೊಂದು ಅಂಗಿ ಯಾಕೆ?" ಅಂತ ಕೇಳಬಹುದು. ರವಿಕೆಯ ತೋಳು ಗಿಡ್ಡ. ಮುಂಗೈ, ಕತ್ತು, ಬೆನ್ನು ಬಿಸಿಲಿಗೆ ಬೇಯುತ್ತವೆ. ಸೀರೆಯ ಮೇಲೆ ತುಂಬುತೋಳಿನ ಹಳೆಯ ಹತ್ತಿ ಅಂಗಿ ಹಾಕಿದರೆ ಬಿಸಿಲು ನೇರವಾಗಿ ಚರ್ಮಕ್ಕೆ ತಾಗುವುದಿಲ್ಲ. ಮೆಕ್ಕೆಜೋಳದ ಗರಿ ಕೈ ಗೀರುವುದಿಲ್ಲ. ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡರೆ ಇನ್ನೂ ತಂಪು.

ತಲೆ ಸುತ್ತಿದರೆ, ವಾಂತಿ ಬಂದಂತೆ ಆದರೆ, ಕಾಲು ಸೆಳೆತ ಬಂದರೆ ಕೂಡಲೆ ಕೆಲಸ ನಿಲ್ಲಿಸಿ. ನೆರಳಿಗೆ ಬನ್ನಿ. ನೀರು ಕುಡಿಯಿರಿ. 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಸೇರಿಸಿ ಕುಡಿಯಬಹುದು. ಚಮಚದ ತಲೆ ಸಮ ಇರಬೇಕು, ಗೋಪುರ ಮಾಡಬಾರದು.

ಮೈ ಕೆಂಡದಂತೆ ಸುಡುತ್ತಿದ್ದು ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಹೊಡೆತ. ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ, ಗಾಳಿ ಬೀಸಿ. 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು. "ಏನೋ ಗಾಳಿ ಸೋಕಿದೆ" ಅಂತ ಕಾಯುತ್ತಾ ಕುಳಿತರೆ ಜೀವ ಹೋಗುತ್ತದೆ.

ಮಳೆಗೆ

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅರೆಮಲೆನಾಡು. ಇಲ್ಲಿಂದ ಪಶ್ಚಿಮಕ್ಕೆ ಹೋದಂತೆಲ್ಲ ಮಳೆ ಹೆಚ್ಚು. ಪಕ್ಕದ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿನ ಹೆಂಗಸರು ನಾಟಿಗೆ ಗೊರಬು ಹಾಕುತ್ತಿದ್ದರು. ಬಿದಿರು ಮತ್ತು ಎಲೆಯಿಂದ ಮಾಡಿದ್ದು. ಬಗ್ಗಿ ನೆಟ್ಟರೂ ಬೆನ್ನು ನೆನೆಯದು, ಎರಡೂ ಕೈ ಬಿಡುವು. ನಮ್ಮ ಕಡೆ ಕಂಬಳಿ ಕೊಪ್ಪೆ. ಈಗ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ.

ಪ್ಲಾಸ್ಟಿಕ್ ಮಳೆ ತಡೆಯುತ್ತದೆ. ಆದರೆ ಒಳಗೆ ಬೆವರು ನಿಲ್ಲುತ್ತದೆ. ಅದಕ್ಕೇ ಒಳಗೆ ಹತ್ತಿ ರವಿಕೆ, ಮೇಲೊಂದು ಅಂಗಿ, ಹೊರಗೆ ಕೊಪ್ಪೆ. ಕೊಪ್ಪೆ ಕತ್ತಿನ ಹತ್ತಿರ ಸಡಿಲ ಇರಲಿ. ಜೋರು ಮಳೆ ಹಿಡಿದಾಗ ಬರೀ ಕಂಬಳಿ ಸಾಲದು. ನೀರು ಕುಡಿದ ಕಂಬಳಿ ಬಹಳ ಭಾರ. ಅದರ ಮೇಲೆ ಪ್ಲಾಸ್ಟಿಕ್ ಹೊದ್ದರೆ ಬಿಸಿಯೂ ಉಳಿಯುತ್ತದೆ, ಭಾರವೂ ಆಗುವುದಿಲ್ಲ.

ಗುಡುಗು ಸಿಡಿಲು ಬಂದರೆ ಒಂಟಿ ಮರದ ಕೆಳಗೆ ನಿಲ್ಲಬಾರದು. ಯಾವ ಕೊಪ್ಪೆಯೂ ಸಿಡಿಲು ತಡೆಯದು. ಮನೆ ಸೇರಬೇಕು.

ಕೆಲಸ ಮುಗಿದ ಕೂಡಲೆ ಒದ್ದೆ ಬಟ್ಟೆ ಬದಲಿಸಬೇಕು. ಮನೆ ಕೆಲಸ ಎಲ್ಲಾ ಮುಗಿಸಿ ಬದಲಿಸೋಣ ಅಂತ ನಾವು ತಡ ಮಾಡುತ್ತೇವೆ. ಒದ್ದೆ ಲಂಗ ಹೊತ್ತುಗಟ್ಟಲೆ ಇದ್ದರೆ ತೊಡೆಸಂದಿಯಲ್ಲಿ ತುರಿ, ಹುಣ್ಣು ಆಗುತ್ತವೆ. ನಾಚಿಕೆಗೆ ಯಾರಿಗೂ ಹೇಳುವುದಿಲ್ಲ. ಲಂಗದ ಲಾಡಿಯನ್ನೂ ತೀರಾ ಬಿಗಿಯಾಗಿ ಕಟ್ಟಬಾರದು. ವರ್ಷಗಟ್ಟಲೆ ಒಂದೇ ಜಾಗ ಉಜ್ಜಿದರೆ ಅಲ್ಲಿ ಗಾಯ ಆಗುತ್ತದೆ. ಅಗಲ ಪಟ್ಟಿ ಹೊಲಿಸಿ ಸಡಿಲವಾಗಿ ಕಟ್ಟೋಣ. ವಾಸಿಯಾಗದ ಗಾಯ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಗದ್ದೆಯ ಕೆಸರಿನಲ್ಲಿ ಇಲಿಯ ಉಚ್ಚೆ ಸೇರಿರಬಹುದು. ಕಾಲಿನ ಗಾಯದಿಂದ ಇಲಿ ಜ್ವರ ಒಳಗೆ ಬರುತ್ತದೆ. ಗಾಯಕ್ಕೆ ನೀರು ಹೋಗದಂತೆ ಪಟ್ಟಿ ಕಟ್ಟಬೇಕು. ಗಮ್ ಬೂಟು ಸಿಕ್ಕರೆ ಇನ್ನೂ ಒಳ್ಳೆಯದು.

ಚಳಿಗೆ

ಅಡಿಕೆ ಸುಗ್ಗಿಯಲ್ಲಿ ನಮ್ಮ ಕೆಲಸ ಕೋಳಿ ಕೂಗುವ ಮೊದಲೇ ಶುರು. ನೆಲದ ಮೇಲೆ ಕುಳಿತು ಅಡಿಕೆ ಸುಲಿಯುತ್ತೇವೆ. ಮೇಲಿನಿಂದ ಮಂಜು, ಕೆಳಗಿನಿಂದ ನೆಲದ ಥಂಡಿ. ನಾವು ಶಾಲು ಹೊದೆಯುತ್ತೇವೆ. ಕೆಳಗೆ ಏನು ಹಾಸುತ್ತೇವೆ? ಏನೂ ಇಲ್ಲ. ಇಲ್ಲೇ ತಪ್ಪುವುದು. ನೆಲ ಬೆಚ್ಚಗಿನ ಮೈಯಿಂದ ಬಿಸಿ ಎಳೆಯುತ್ತದೆ. ಮಡಿಸಿದ ಗೋಣಿಚೀಲವನ್ನೋ ಹಳೆಯ ಕಂಬಳಿಯನ್ನೋ ಹಾಸಿ ಕೂರಬೇಕು. ಹೊದ್ದಷ್ಟೇ ಹಾಸಿದ್ದೂ ಮುಖ್ಯ.

ಒಳಗೆ ಹತ್ತಿ ರವಿಕೆ, ಮೇಲೆ ಸ್ವೆಟರ್, ಅದರ ಮೇಲೆ ಅಂಗಿ. ಕಿವಿಗೆ ಸ್ಕಾರ್ಫ್. ಹೊತ್ತು ಏರಿದಂತೆ ಒಂದೊಂದೇ ತೆಗೆಯಿರಿ. ಬೆವರಿ ಒದ್ದೆಯಾದ ಮೇಲೆ ತೆಗೆದರೆ ಚಳಿ ಮತ್ತೆ ಹಿಡಿಯುತ್ತದೆ. ಮಗು ಜೊತೆಗಿದ್ದರೆ ಅದರ ತಲೆ, ಕಾಲು ಮೊದಲು ಮುಚ್ಚಿ. ಚಿಕ್ಕ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಹೋಗುವಾಗ ಶಾಲು ತೆಗೆದಿಡಿ.

ಕಾಡಿಗೆ

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ ಲಂಬಾಣಿ ಜನರ ಪುಣ್ಯಕ್ಷೇತ್ರ. ಸಂತ ಸೇವಾಲಾಲರು ಹುಟ್ಟಿದ ಜಾಗ. ಲಂಬಾಣಿ ಅಜ್ಜಿಯರ ಉಡುಪು ನೋಡಿದ್ದೀರಲ್ಲ? ದಪ್ಪ ಬಟ್ಟೆಯ, ತುಂಬಾ ನೆರಿಗೆಯ ಲಂಗ. ತಲೆಯಿಂದ ಬೆನ್ನಿನವರೆಗೆ ಹೊದಿಕೆ. ತುಂಡು ಬಟ್ಟೆ ಸೇರಿಸಿ ಹಾಕಿದ ಕಸೂತಿ, ಕನ್ನಡಿ. ಅವರ ಹಿರಿಯರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಕಾಡು ಮೇಡು ತಿರುಗಿದವರು. ಅಂಥ ದಾರಿಗೆ ದಪ್ಪ ಉಡುಪು ತಕ್ಕದ್ದು. ಮುಳ್ಳು ತಾಗಿದರೂ ಚರ್ಮಕ್ಕೆ ಹೋಗದು.

ಕಾಡಿನಲ್ಲಿ ಮುಳ್ಳಿಗಿಂತ ದೊಡ್ಡ ಭಯ ಉಣುಗಿನದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಜನರಿಗೂ ಜ್ವರ ಬಂತು, ಸಾವುಗಳಾದವು. ಅದೇ ಮಂಗನ ಕಾಯಿಲೆ. ಉಣುಗು ಕಚ್ಚಿ ಇದು ಬರುತ್ತದೆ. ಮಲೆನಾಡಿನಲ್ಲಿ ಈಗಲೂ ಇದೆ. ನವೆಂಬರಿನಿಂದ ಮೇ ತನಕ ಇದರ ಕಾಲ. ನಾವು ತರಗೆಲೆ ಗುಡಿಸಲು, ಸೌದೆ ತರಲು ಹೋಗುವುದೂ ಅದೇ ಕಾಲದಲ್ಲಿ.

ಮಲೆನಾಡಿನ ಕಡೆ ಕಾಡಿಗೆ ಹೋದರೆ ಮೈ ಪೂರ್ತಿ ಮುಚ್ಚಬೇಕು. ತುಂಬುತೋಳಿನ ಅಂಗಿ, ಒಳಗೆ ಪ್ಯಾಂಟು, ಕಾಲುಚೀಲ, ಬೂಟು. ಪ್ಯಾಂಟಿನ ತುದಿ ಕಾಲುಚೀಲದ ಒಳಗೆ ಇರಬೇಕು. ಆಗ ಉಣುಗು ಮೇಲೆ ಹತ್ತಲು ದಾರಿ ಇಲ್ಲ. ತಿಳಿ ಬಣ್ಣದ ಬಟ್ಟೆ ಆದರೆ ಉಣುಗು ಕಣ್ಣಿಗೆ ಕಾಣುತ್ತದೆ. ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಬೇಕು. ಮನೆಗೆ ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಬೇಕು.

ಇನ್ನು ಹಾವು. ಹಾವು ಹೆಚ್ಚಾಗಿ ಕಚ್ಚುವುದು ಕಾಲಿಗೆ. ತರಗೆಲೆ ನಡುವೆ ಕೊಳಕುಮಂಡಲ ಮಲಗಿದ್ದರೆ ಕಾಣುವುದೇ ಇಲ್ಲ. ಬರಿಗಾಲಿನಲ್ಲಿ ಹೋಗಬಾರದು. ಕತ್ತಲಲ್ಲಿ ಬ್ಯಾಟರಿ ಬೇಕೇ ಬೇಕು. ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕುಯ್ಯಬಾರದು. ಕಾಲುಂಗುರ, ಕಾಲ್ಗೆಜ್ಜೆ ತೆಗೆದು, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ಔಷಧಿ ಮತ್ತು ಯಂತ್ರ

ಬೆಳೆಗೆ ಹೊಡೆಯುವ ಔಷಧಿ ಅಂದರೆ ವಿಷ. ಗಂಡಸರು ಹೊಡೆಯುತ್ತಾರೆ, ನಾವು ನೀರು ಹೊತ್ತು ಕೊಡುತ್ತೇವೆ. ಅವರ ಬಟ್ಟೆ ಒಗೆಯುವವರೂ ನಾವೇ. ಹಾಗಾಗಿ ವಿಷ ನಮಗೂ ತಾಗುತ್ತದೆ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಎಂದರೆ ಎಲ್ಲಕ್ಕಿಂತ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರೂ ವಿಷವೇ. ತುಂಬುತೋಳಿನ ಬಟ್ಟೆ, ಕೈಚೀಲ, ಮೂಗು ಬಾಯಿಗೆ ಮುಸುಕು ಇರಬೇಕು. ಆ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ನೆನೆಸಬಾರದು. ಬೇರೆ ಬಕೆಟ್ಟಿನಲ್ಲಿ ಒಗೆಯಬೇಕು, ಕೆರೆಗೆ ಒಯ್ಯಬಾರದು. ಬಸುರಿಯರು, ಮಕ್ಕಳು ಹತ್ತಿರ ಸುಳಿಯಬಾರದು.

ಒಕ್ಕಣೆ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಹಿಟ್ಟಿನ ಗಿರಣಿ ಇವುಗಳ ಹತ್ತಿರ ಪದರ ಕಡಿಮೆ ಇರಬೇಕು. ಸೆರಗು, ವೇಲು, ಜಡೆ ಪಟ್ಟಿಗೆ ಸಿಕ್ಕಿದರೆ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕೈ, ಕತ್ತು ಹೋಗುತ್ತದೆ. ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ಅಂಗಿ ಹಾಕಿ ಗುಂಡಿ ಹಾಕಬೇಕು. ಜಡೆಯನ್ನು ಗಂಟು ಕಟ್ಟಿ ಬಟ್ಟೆಯಲ್ಲಿ ಮುಚ್ಚಬೇಕು. ಚಳಿ ಅಂತ ಶಾಲು ಹೊದ್ದು ಯಂತ್ರದ ಮುಂದೆ ನಿಲ್ಲಲೇಬಾರದು.

ಜನ ಏನಂತಾರೆ?

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಮಾತು ಬಂದಾಗ ಒಬ್ಬಾಕೆ ಅಂದಳು: "ಅತ್ತೆ ಮಾವನ ಮುಂದೆ ಗಂಡನ ಅಂಗಿ ಹಾಕ್ಕೊಂಡು ಹೋಗೋದು ಹೆಂಗವ್ವಾ? ನಗ್ತಾರೆ."

ಇನ್ನೊಬ್ಬಾಕೆ ಅಂದಳು: "ಮನ್ಯಾಗೆ ಒಂದೇ ಜೊತೆ ಬೂಟು ಐತಿ. ಅದು ಅವರಿಗೆ."

ಒಬ್ಬ ಅಜ್ಜಿ ಅಷ್ಟೂ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಅಂದರು: "ನಗೋರು ನಾಲ್ಕು ದಿನ ನಗ್ತಾರೆ. ಮುಳ್ಳು ಚುಚ್ಚಿದ ಕಾಲು ನಂದು. ದುಡ್ಡು ಹಾಕಿ ಕಾಲುಂಗುರ ತಂದ್ರು, ಚಪ್ಪಲಿ ತರಲಿಲ್ಲ."

ನಾವೆಲ್ಲ ನಕ್ಕೆವು. ಆಮೇಲೆ ಯಾರೂ ನಗಲಿಲ್ಲ. ಗಂಡಸರ ಕಾಲಿಗೆ ಕಚ್ಚುವ ಹಾವೇ ನಮ್ಮ ಕಾಲಿಗೂ ಕಚ್ಚುತ್ತದೆ. ಗದ್ದೆಯಲ್ಲಿ ದಿನವಿಡೀ ನಿಲ್ಲುವವರು ನಾವು. ಹಾಗಾದರೆ ಮನೆಯಲ್ಲಿ ಎರಡನೆಯ ಜೊತೆ ಬೂಟು ಬೇಕೋ ಬೇಡವೋ? ಕೇಳೋಣ. ಕೂಲಿಗೆ ಕರೆಯುವವರನ್ನೂ ಕೇಳೋಣ. ಕುಡಿಯುವ ನೀರು, ನೆರಳು, ಕೈಚೀಲ ಕೇಳುವುದು ಸೊಕ್ಕಲ್ಲ. ಒಬ್ಬಳೇ ಕೇಳಿದರೆ ಬೈಯುತ್ತಾರೆ. ಹತ್ತು ಜನ ಕೇಳಿದರೆ ಯೋಚನೆ ಮಾಡುತ್ತಾರೆ. ಸಂಘದ ಉಳಿತಾಯದಲ್ಲಿ ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ.

ನೆನಪಿಡೋಣ

ಬೇಸಿಗೆಗೆ ತಿಳಿ ಬಣ್ಣದ, ಸಡಿಲ ಹತ್ತಿ ಬಟ್ಟೆ.
ಮಳೆಗೆ ಒಳಗೆ ಹತ್ತಿ, ಹೊರಗೆ ಕೊಪ್ಪೆ. ಮನೆಗೆ ಬಂದ ಕೂಡಲೆ ಬದಲಿಸುವುದು.
ಚಳಿಗೆ ತೆಳು ಪದರ ಎರಡು ಮೂರು. ಕೆಳಗೆ ಹಾಸಲು ಒಂದು.
ಕಾಡಿಗೆ ಮೈತುಂಬ ಬಟ್ಟೆ, ಕಾಲಿಗೆ ಬೂಟು.
ಒಲೆಯ ಮುಂದೆ, ಯಂತ್ರದ ಮುಂದೆ ಜೋಲು ಸೆರಗು ಬೇಡ.

ಯೋಚಿಸೋಣ, ಬರೆಯೋಣ

1. ನೀವು ನಾಳೆ ಯಾವ ಕೆಲಸಕ್ಕೆ ಹೋಗುತ್ತೀರಿ? ಅದಕ್ಕೆ ಬೇಕಾದ ಬಟ್ಟೆಗಳ ಪಟ್ಟಿ ಬರೆಯಿರಿ.
2. ಅದರಲ್ಲಿ ನಿಮ್ಮ ಮನೆಯಲ್ಲಿ ಯಾವುದಿದೆ? ಯಾವುದಿಲ್ಲ?
3. ಇಲ್ಲದಿರುವುದನ್ನು ಯಾರನ್ನು ಕೇಳುತ್ತೀರಿ? ಏನೆಂದು ಕೇಳುತ್ತೀರಿ? ಎರಡು ಸಾಲು ಬರೆಯಿರಿ. ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ.